ಮುಂಬಯಿಯಿಂದ ಹೋದ ಒಂದು ಹಸ್ತಪ್ರತಿ

ಪುಣೆ ಕ್ಯಾಂಪಿನಲ್ಲಿ ನೆಲೆಸಿರುವ ನಾವು ಹಳೆಯ ಮುಂಬಯಿ ಪ್ರೆಸಿಡೆನ್ಸಿಯನ್ನು ನೆನೆಯುವುದು ಬಹುಮಟ್ಟಿಗೆ ಧಾರವಾಡ, ಬೆಳಗಾವಿಗಳೂ ಅದರೊಳಗಿದ್ದವೆಂಬ ಕಾರಣಕ್ಕೆ. ಅದೇ ಪ್ರೆಸಿಡೆನ್ಸಿಯ ರಾಜಧಾನಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್ಟುಗಳಿಗೆ ಪಾಠ ಹೇಳುತ್ತಿದ್ದ ಎಡಿನ್‌ಬರೋದ ಜಾನ್ ಜೇಮ್ಸ್ ವಾಟರ್‌ಸ್ಟನ್‌ನನ್ನು ನಾವು ನೆನೆದದ್ದಿಲ್ಲ. ಅನಿಲಗಳು ಉಷ್ಣವನ್ನು ಹಂಚಿಕೊಂಡು ಸಮತೋಲಕ್ಕೆ ಬರುವ ಬಗೆಯನ್ನು ಮೊದಲಿಗೆ ಸರಿಯಾಗಿ ಬರೆದವರಲ್ಲಿ ಆತನೊಬ್ಬ.

ಆತ ಮುಂಬಯಿಯಿಂದ ಕಳುಹಿಸಿದ ಪ್ರಬಂಧವು 1845ರ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯನ್ನು ತಲುಪಿತು. ಉಷ್ಣವೆಂದರೆ ‘ಕ್ಯಾಲೊರಿಕ್’ ಎಂಬ ಸೂಕ್ಷ್ಮ ದ್ರವ ಎಂದು ಅನೇಕ ವಿದ್ವಾಂಸರು ಇನ್ನೂ ನಂಬಿದ್ದ ಕಾಲವದು. ವಾಟರ್‌ಸ್ಟನ್‌ನ ಪಾಲಿಗೆ ಉಷ್ಣವು ಅಣುಗಳ ಓಟವೇ ಹೊರತು ಬೇರೆಯಲ್ಲ. ಬಿಸಿ ಅನಿಲವನ್ನೂ ತಣ್ಣನೆಯದನ್ನೂ ಬೆರೆಸಿದಾಗ ಅಣುಗಳು ಪರಸ್ಪರ ಡಿಕ್ಕಿ ಹೊಡೆದು ಚಲನಶಕ್ತಿಯನ್ನು ಕೊಟ್ಟು ಕೊಳ್ಳುತ್ತವೆ. ಕೊನೆಗೆ ಸಮವಾಗುವುದು ವೇಗವೆಂದು ನಾವು ಊಹಿಸಿಯೇವು, ಅದು ತಪ್ಪು. ಸಮವಾಗುವುದು ಅಣುವಿನ ದ್ರವ್ಯರಾಶಿಯನ್ನು ವೇಗವರ್ಗದ ಸರಾಸರಿಯಿಂದ ಗುಣಿಸಿದಾಗ ಬರುವ ಲಬ್ಧ. ಆಮ್ಲಜನಕದ ಅಣು ಜಲಜನಕದ ಅಣುವಿಗಿಂತ 16 ಪಟ್ಟು ಭಾರವಾದ್ದರಿಂದ, ಒಂದೇ ತಾಪದಲ್ಲಿ ಜಲಜನಕವು 4 ಪಟ್ಟು ಬಿರುಸಾಗಿ ಓಡಬೇಕು. ಇಂದಿನ ಲೆಕ್ಕದಲ್ಲಿ, 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಜಲಜನಕದ್ದು ಸೆಕೆಂಡಿಗೆ ಸುಮಾರು 1930 ಮೀಟರ್, ಆಮ್ಲಜನಕದ್ದು 480. ಹಗುರವಾದದ್ದು ಓಡುತ್ತದೆ, ಭಾರವಾದದ್ದು ನಿಧಾನಿಸುತ್ತದೆ. ಆದರೂ ಎರಡರ ತಾಪ ಒಂದೇ.

ಪ್ರಬಂಧವನ್ನು ಪರಿಶೀಲಿಸಿದವರಲ್ಲೊಬ್ಬರು ಅದನ್ನು ಶುದ್ಧ ಅಸಂಬದ್ಧವೆಂದು ಬರೆದರು. 1846ರಲ್ಲಿ ಚಿಕ್ಕದೊಂದು ಸಾರಾಂಶವಷ್ಟೇ ಅಚ್ಚಾಯಿತು. ಸೊಸೈಟಿಯ ನಿಯಮದಂತೆ ಹಸ್ತಪ್ರತಿ ಹಿಂದಿರುಗಲಿಲ್ಲ. ವಾಟರ್‌ಸ್ಟನ್ ತನಗಾಗಿ ನಕಲು ಇಟ್ಟುಕೊಂಡಿರಲಿಲ್ಲ! ಜೆರಾಕ್ಸ್ ಯುಗದ ನಮಗೆ ಆ ಸಂಕಟ ಅರ್ಥವಾಗುವುದು ಕಷ್ಟ. 1857ರಲ್ಲಿ ಆತ ಸ್ವದೇಶಕ್ಕೆ ಮರಳಿದ. 1860ರಲ್ಲಿ ಮ್ಯಾಕ್ಸ್‌ವೆಲ್ ತನ್ನದೇ ದಾರಿಯಲ್ಲಿ ಅದೇ ಫಲಿತಾಂಶವನ್ನು ಪ್ರಕಟಿಸಿದ. ಕೀರ್ತಿಯೂ ಅವನಿಗೇ ಸಂದಿತು. ಅದರಲ್ಲಿ ಅನ್ಯಾಯವೇನೂ ಇಲ್ಲ, ಅವನು ಈ ಹಸ್ತಪ್ರತಿಯನ್ನು ಕಂಡವನಲ್ಲ.

1891ರಲ್ಲಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಲಾರ್ಡ್ ರೇಲೀ ಕಡತಗಳ ನಡುವೆ ಆ ಹಾಳೆಗಳನ್ನು ಹುಡುಕಿ ತೆಗೆಸಿ, ಮರುವರ್ಷ ಮುನ್ನುಡಿಯೊಡನೆ ಅಚ್ಚು ಹಾಕಿಸಿದ. ಹೊಸ ಲೇಖಕರು ಮೊದಲು ಚಿಕ್ಕ ಕೆಲಸಗಳಿಂದ ಹೆಸರು ಮಾಡಿ ಆಮೇಲೆ ದೊಡ್ಡದಕ್ಕೆ ಕೈಹಾಕಲೆಂಬ ಬುದ್ಧಿವಾದವೂ ಅಲ್ಲಿದೆ. ತಪ್ಪಿದ್ದು ಪರಿಶೀಲಕರು, ಬುದ್ಧಿವಾದ ಲೇಖಕರಿಗೆ! ನಮಗಂತೂ ಇದು ಒಪ್ಪಿಗೆಯಾಗದು.

ವಾಟರ್‌ಸ್ಟನ್ ಅದನ್ನು ಓದಲಿಲ್ಲ. 1883ರ ಜೂನ್ 18ರಂದು ಮನೆಯಿಂದ ಹೊರಟ ಆತ ಮತ್ತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.