ಅಜ್ಜಿಯ ಹೆಬ್ಬೆಟ್ಟು, ಊರಿನ ಲೆಕ್ಕ

ಉಡಿಗಾಲದ ನಮ್ಮಜ್ಜಿಗೆ ಓದು ಬರದು. ಸಾಲದ ಪತ್ರವಾಗಲಿ, ಪಿಂಚಣಿಯ ಅರ್ಜಿಯಾಗಲಿ, ಹೆಬ್ಬೆಟ್ಟೇ ಅವಳ ಸಹಿ. ಆ ಗುರುತು ಒತ್ತಿದ ಕಾಗದದಲ್ಲೇ ಉಳಿಯುತ್ತಿತ್ತು. ಈಗ ಪಡಿತರದ ಅಕ್ಕಿಗೂ ಬೆರಳನ್ನು ಯಂತ್ರದ ಮೇಲಿಡಬೇಕು. ‘ಈ ಗುರ್ತು ಎಲ್ಲಿಗ ಹೋದದು ಮಗ?’ ಎಂದು ಒಮ್ಮೆ ಕೇಳಿದಳು.

ಅವಳ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಮನೆಗೆ ಪೊಲೀಸರು ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ಆ ರಾತ್ರಿ ಭೇಟಿಗಳನ್ನು ರದ್ದು ಮಾಡಿತಾದರೂ, ಖಾಸಗಿತನವು ಸಂವಿಧಾನ ಖಾತ್ರಿಪಡಿಸಿದ ಹಕ್ಕಲ್ಲ ಎಂದಿತು. ಸರಿಯಾಗಿ 50 ವರ್ಷಗಳ ನಂತರ, 2012ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅದೇ ಕೋರ್ಟಿನ ಮೆಟ್ಟಿಲೇರಿದರು. ಆಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷ ಆಧಾರ್ ಉಳಿಯಿತು; ಖಾಸಗಿ ಕಂಪನಿಗಳು ಅದನ್ನು ಕೇಳಲು ಇದ್ದ ಅವಕಾಶ ಬಿದ್ದುಹೋಯಿತು.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಮಾಹಿತಿ ಪಡೆಯುವವರು ಅದು ಏತಕ್ಕೆಂದು ತಿಳಿಸಬೇಕು. ಬೇಕೆಂದವರಿಗೆ ಆ ತಿಳುವಳಿಕೆ ಕನ್ನಡದಲ್ಲೂ ಸಿಗಬೇಕು. ತಪ್ಪನ್ನು ತಿದ್ದಿಸುವ, ಅಳಿಸುವಂತೆ ಕೇಳುವ ಹಕ್ಕೂ ಅದರಲ್ಲಿದೆ. ಆದರೆ ಸರ್ಕಾರ ಸವಲತ್ತು ಕೊಡುವಾಗ ಹೊಸದಾಗಿ ಒಪ್ಪಿಗೆ ಕೇಳಬೇಕಾದ ಅಗತ್ಯವಿಲ್ಲದ ಸಂದರ್ಭಗಳಿವೆ. ತನ್ನ ಕೆಲವು ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡುವ ಅಧಿಕಾರವೂ ಕೇಂದ್ರಕ್ಕಿದೆ.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದಾಗ, ನಾಗರಿಕರ ಈ ಹಕ್ಕುಗಳ ಜಾರಿಗೆ 18 ತಿಂಗಳ ಗಡುವು ಸಿಕ್ಕಿತು. ಮಾಹಿತಿ ಹಕ್ಕು ಕಾಯ್ದೆಗೆ ತಂದ ತಿದ್ದುಪಡಿ ಮಾತ್ರ ಕೂಡಲೇ ಜಾರಿಯಾಯಿತು. ಮೊದಲು ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಲು, ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವಿಲ್ಲವೆಂದೋ, ಕೊಟ್ಟರೆ ಖಾಸಗಿತನಕ್ಕೆ ವಿನಾಕಾರಣ ಧಕ್ಕೆಯೆಂದೋ ತೋರಿಸಬೇಕಿತ್ತು. ಈಗ ‘ವೈಯಕ್ತಿಕ’ ಎಂದರೆ ಸಾಕು. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದೆಂಬ ಇನ್ನೊಂದು ಕಲಮು ಉಳಿದಿದೆ, ನಿಜ; ಆದರೆ ಅದಕ್ಕಾಗಿ ಮೇಲ್ಮನವಿ ಹಿಡಿದು ಓಡಾಡಲು ಹಳ್ಳಿಯವರಿಗೆ ಪುರುಸೊತ್ತೆಲ್ಲಿ?

ನಮ್ಮ ಕಡೆ ಪಹಣಿ ಎಂದೂ ಗುಟ್ಟಿನ ಕಾಗದವಲ್ಲ. ಯಾರ ಹೊಲ, ಎಷ್ಟು ಎಕರೆ, ಯಾವ ಬೆಳೆ, ಯಾವ ಸಾಲ, ಎಲ್ಲವನ್ನೂ ಯಾರು ಬೇಕಾದರೂ ನೋಡಬಹುದು. ಹಾಗೆ ತೆರೆದಿರುವುದರಿಂದಲೇ ಬಡವರ ಹೊಲ ರಾತ್ರೋರಾತ್ರಿ ಇನ್ನೊಬ್ಬರ ಹೆಸರಿಗೆ ಹೋದರೆ ಊರಿಗೆ ಗೊತ್ತಾಗುತ್ತದೆ. ಅಜ್ಜಿಯ ಬೆರಳಿನ ಗುರುತು ಅವಳದು, ಅದು ಮುಚ್ಚಿರಬೇಕು. ಅವಳ ಹೆಸರಿನಲ್ಲಿ ಯಾರು ಅಕ್ಕಿ ಎತ್ತಿದರು ಎಂಬುದು ಊರಿನ ಲೆಕ್ಕ, ಅದು ತೆರೆದಿರಬೇಕು. ಮೊದಲನೆಯದನ್ನು ಕಾಯುವ ಹೆಸರಿನಲ್ಲಿ ಎರಡನೆಯದಕ್ಕೆ ಬೀಗ ಹಾಕಿದರೆ, ಪುಟ್ಟಸ್ವಾಮಿಯವರು ಗೆದ್ದ ಹಕ್ಕು ಅಜ್ಜಿಯ ಕೈಗೆ ಬಾರದೆ ಕಚೇರಿಯ ಕಪಾಟು ಸೇರುತ್ತದೆ.