ಬಲಿಪಾಡ್ಯಮಿ: ಗೆದ್ದವನು ವಾಮನ, ಪೂಜೆ ಬಲಿಗೆ
ದೀಪಾವಳಿ ಅಮಾವಾಸ್ಯೆಯ ಮರುದಿನ, ಕಾರ್ತಿಕ ಶುದ್ಧ ಪಾಡ್ಯವೇ ಬಲಿಪಾಡ್ಯಮಿ. ಪುರಾಣದ ಕತೆ ಗೊತ್ತಿರೋದೇ: ವಾಮನ ಮೂರು ಹೆಜ್ಜೆ ನೆಲ ಕೇಳಿದ. ಎರಡರಲ್ಲೇ ಭೂಮಿ, ಆಕಾಶ ಮುಗಿದವು. ಮೂರನೆಯದಕ್ಕೆ ಬಲಿ ಚಕ್ರವರ್ತಿ ತಲೆಯೊಡ್ಡಿ ಪಾತಾಳ ಸೇರಿದ. ವರ್ಷಕ್ಕೊಮ್ಮೆ ತನ್ನ ನಾಡಿಗೆ ಬಂದುಹೋಗುವ ವರ ಅವನಿಗೆ ಸಿಕ್ಕಿತು ಅನ್ನೋದು ಜನರ ನಂಬಿಕೆ.

ಈಗ ಆಚರಣೆ ನೋಡಿ. ತುಳುನಾಡಿನಲ್ಲಿ ಅಂಗಳದಲ್ಲಿ ಹಾಲೆಮರದ ಕಂಬ ನೆಟ್ಟು, ಹೂವಿನಿಂದ ಸಿಂಗರಿಸಿ, ಗದ್ದೆಗೆ ದೀಪ ಇಟ್ಟು ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಮಲೆನಾಡಿನ ಮನೆಗಳಲ್ಲೂ ಬಲೀಂದ್ರನ ಪೂಜೆಯಿದೆ. ಕೇರಳಕ್ಕೆ ಇದೇ ರಾಜ ಓಣಂಗೆ ಬರ್ತಾನೆ. ಇಲ್ಲೆಲ್ಲ ಸ್ವಾಗತ ಸೋತ ಅಸುರನಿಗೆ.

ಜೋತಿಬಾ ಫುಲೆ 1873ರ ‘ಗುಲಾಮಗಿರಿ’ಯಲ್ಲಿ ಈ ಕತೆಯನ್ನು ಬೇರೆ ಕಡೆಯಿಂದ ಓದಿದರು: ಬಲಿ ಪ್ರಜೆಗಳನ್ನು ಪೊರೆದ ರಾಜ, ವಾಮನ ಅವನ ನಾಡನ್ನು ಕಿತ್ತುಕೊಂಡವನು. ಇದನ್ನು ಇತಿಹಾಸದ ದಾಖಲೆ ಅಂತ ನಾನು ತಗೊಳ್ಳಲ್ಲ. ಆದರೆ ಅಸುರ ಅಂದ ಕೂಡಲೇ ಖಳ ಅನ್ನೋ ಇವತ್ತಿನ ವಾದವನ್ನು ನಮ್ಮ ರೈತರ ಅಂಗಳ ಯಾವತ್ತೂ ಪೂರ್ತಿ ಒಪ್ಪಿಲ್ಲ ಅಂತ ಖಂಡಿತ ಹೇಳ್ತೀನಿ.

ಈ ಸಲ ಹಬ್ಬಕ್ಕೆ ಊರಿಗೆ ಹೋದರೆ ಹಿರಿಯರನ್ನು ಕೇಳಿ: ಬಲೀಂದ್ರನನ್ನು ಏನಂತ ಕರೀತಿದ್ರಿ? ಆ ಮಾತುಗಳನ್ನು ಬರೆದಿಟ್ಟುಕೊಳ್ಳಿ.