1868ರ ಖಗ್ರಾಸ ಗ್ರಹಣ: ಸುರಪುರ ಸೀಮೆಯ ನೆರಳು ಮತ್ತು ಬೆಳಕಿನ ಪಯಣಕಾಲ

ಸುರಪುರ ಸಂಸ್ಥಾನದ ಹತ್ತೊಂಬತ್ತನೆಯ ಶತಮಾನದ ಚರಿತ್ರೆ ಸಾಮಾನ್ಯವಾಗಿ 1858ರ ಸುತ್ತ ಕೇಂದ್ರೀಕೃತವಾಗಿದೆ. ರಾಜಾ ವೆಂಕಟಪ್ಪನಾಯಕನ ಬಂಡಾಯ, ಅವನ ಸೆರೆ ಮತ್ತು ದುರಂತ ಮರಣ, ಅನಂತರ ಸಂಸ್ಥಾನವು ನಿಜಾಮನ ಆಡಳಿತಕ್ಕೆ ಸೇರಿದುದು ಸುವಿದಿತವೇ ಆಗಿದೆ. ಇದಾದ ಹತ್ತು ವರ್ಷಕ್ಕೆ, 1868ರ ಆಗಸ್ಟ್ 18ರ ಬೆಳಿಗ್ಗೆ, ಇದೇ ಸೀಮೆಯ ಮೇಲೆ ಹಾದುಹೋದ ಚಂದ್ರನ ನೆರಳು ಮಾತ್ರ ಪ್ರಾದೇಶಿಕ ಇತಿಹಾಸಕ್ಕಿಂತ ಹೆಚ್ಚಾಗಿ ವಿಜ್ಞಾನದ ಇತಿಹಾಸಕ್ಕೆ ಸಂದಿದೆ.

ಪಶ್ಚಿಮ ಕರಾವಳಿಯ ವಿಜಯದುರ್ಗದಿಂದ ಜಮಖಂಡಿ, ಬಿಜಾಪುರಗಳ ಮೇಲೆ ಸಾಗಿ ಗುಂಟೂರು, ಮಚಲೀಪಟ್ಟಣಗಳತ್ತ ನಡೆದ ಆ ನೆರಳಿನ ಪಟ್ಟಿಯ ಅಗಲ ಇನ್ನೂರು ಕಿಲೋಮೀಟರಿಗೂ ಮಿಕ್ಕಿತ್ತು. ಸುರಪುರ, ಶಹಾಪುರ, ಯಾದಗಿರಿ ಮೂರೂ ಅದರೊಳಗೇ ಇದ್ದವು. ಆದರೆ ಉಪಕರಣಗಳನ್ನು ಹೂಡಿದ ಹೆಸರಾಂತ ಠಾಣ್ಯಗಳಲ್ಲಿ ಇವುಗಳ ಹೆಸರಿಲ್ಲ. ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿಯೂ, ಕ್ಯಾಪ್ಟನ್ ಹೈಗ್ ಸುರಪುರದಿಂದ ಸುಮಾರು 110 ಕಿಲೋಮೀಟರು ಪಶ್ಚಿಮಕ್ಕಿರುವ ಬಿಜಾಪುರದಲ್ಲಿಯೂ ರೋಹಿತದರ್ಶಕ ಹಿಡಿದು ಕಾದಿದ್ದರು. ಗುಂಟೂರಿನಲ್ಲಿ ಟೆನಂಟ್ ಮತ್ತು ಫ್ರಾನ್ಸಿನ ಜಾನ್ಸೆನ್, ಮಚಲೀಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ಪಾಗ್ಸನ್ ಇದ್ದರು. ಜಮಖಂಡಿ, ಬಿಜಾಪುರಗಳಲ್ಲಿ ಮೋಡ ಕಾಡಿತು. ಶ್ರಾವಣದ ಹೊತ್ತಿನಲ್ಲಿ ಅದು ಸಹಜವೇ. ಆದರೂ ಮೋಡದ ಸಂದುಗಳಲ್ಲಿ ಸೂರ್ಯನ ಅಂಚಿನ ಜ್ವಾಲೆಗಳು ಕಂಡವು. ಅವುಗಳ ಬೆಳಕು ರೋಹಿತದಲ್ಲಿ ಬಿಡಿಬಿಡಿಯಾದ ಉಜ್ವಲ ರೇಖೆಗಳಾಗಿ ಒಡೆಯಿತು. ಆ ಜ್ವಾಲೆಗಳು ಕಾದ ಅನಿಲವೆಂಬುದು ಅಂದು ಸಿದ್ಧವಾಯಿತು.

ಇಲ್ಲಿ ಒಂದು ಕಾಲಗಣನೆ ಗಮನಾರ್ಹವಾಗಿದೆ. ಸೂರ್ಯನ ಬೆಳಕು ಭೂಮಿಗೆ ಬರಲು ಸುಮಾರು 8 ನಿಮಿಷ 20 ಸೆಕೆಂಡು ಬೇಕು. ಈ ಭಾಗದಲ್ಲಿ ಪೂರ್ಣಗ್ರಾಸ ಉಳಿದದ್ದು ಐದು ನಿಮಿಷದ ಆಸುಪಾಸು. ಹೈಗ್ ಕತ್ತಲಲ್ಲಿ ಕಂಡ ಜ್ವಾಲೆಯ ಬೆಳಕೆಲ್ಲವೂ ಬಿಜಾಪುರಕ್ಕೆ ಕತ್ತಲು ಕವಿಯುವ ಮೊದಲೇ ಸೂರ್ಯನನ್ನು ಬಿಟ್ಟಿತ್ತು. ವೀಕ್ಷಕನ ಕೈಗೆ ಬರುವ ಬೆಳಕು ಯಾವಾಗಲೂ ಹಳೆಯ ದಾಖಲೆಯೇ ಸರಿ.

ದಾಖಲೆಯನ್ನು ಓದುವಲ್ಲಿ ತಪ್ಪೂ ಆಯಿತು. ಕಿತ್ತಳೆ-ಹಳದಿ ಬಣ್ಣದ ರೇಖೆಯನ್ನು ಹರ್ಷೆಲ್, ಟೆನಂಟ್ ಇಬ್ಬರೂ ಸೋಡಿಯಂನದೆಂದೇ ಭಾವಿಸಿದರು. ಸೋಡಿಯಂ ಜೋಡಿರೇಖೆಗಳ ಸ್ಥಾನ 589.0 ಮತ್ತು 589.6 ನ್ಯಾನೋಮೀಟರು; ಈ ರೇಖೆಯ ಸ್ಥಾನ 587.6. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಗ್ರಹಣವಿಲ್ಲದೆಯೇ ಜ್ವಾಲೆಗಳ ರೋಹಿತವನ್ನು ಕಂಡ ಮೇಲೆ ಈ ಅಂತರ ಸ್ಪಷ್ಟವಾಗುತ್ತ ಬಂದಿತು. ಅದು ಸರಿದ ಸೋಡಿಯಂ ರೇಖೆಯಾಗಿರಲಾರದು, ಏಕೆಂದರೆ ಜಲಜನಕದ ರೇಖೆಗಳು ತಮ್ಮ ಸ್ಥಾನದಲ್ಲಿಯೇ ಇದ್ದವು. ಹೊಸ ಧಾತುವಿಗೆ ಹೀಲಿಯಂ ಎಂಬ ಹೆಸರು ಬಂತು. 1895ರಲ್ಲಿ ರಾಮ್ಸೆ ಅದನ್ನು ಭೂಮಿಯ ಮೇಲೆಯೇ ಪಡೆದನು.

ಒಂದೇ ರೇಖೆ ಬೇರೆಡೆ ಕಂಡರೆ ಹೊಸ ಧಾತು. ಎಲ್ಲ ರೇಖೆಗಳೂ ಒಂದೇ ಪ್ರಮಾಣದಲ್ಲಿ ಸರಿದರೆ ಚಲನೆ. ಈ ಎರಡನೆಯ ಓದನ್ನು ಹಗಿನ್ಸ್ 1868ರಲ್ಲಿಯೇ ಲುಬ್ಧಕ ನಕ್ಷತ್ರಕ್ಕೆ ಅನ್ವಯಿಸಿದನು. ಅವನ ಅಂಕಿ ನಿಲ್ಲಲಿಲ್ಲ, ವಿಧಾನ ನಿಂತಿತು. 1912ರಿಂದ ಸ್ಲೈಫರ್ ಅದೇ ವಿಧಾನದಿಂದ ಸುರುಳಿ ನೀಹಾರಿಕೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲು ದೂರ ಸರಿಯುತ್ತಿರುವುದನ್ನು ತೋರಿಸಿದನು. 1927ರಲ್ಲಿ ಲೆಮೇತ್ರ್, 1929ರಲ್ಲಿ ಹಬಲ್ ಈ ಸರಿಯುವಿಕೆಯನ್ನು ದೂರದೊಡನೆ ಹೊಂದಿಸಿದರು. ಗೆಲಕ್ಸಿಗಳ ಕೆಂಪು ಪಲ್ಲಟವನ್ನು ಕೇವಲ ಓಟದ ವೇಗವೆಂದು ತಿಳಿಯುವುದು ಸಾಲದು. ಬೆಳಕು ದಾರಿಯಲ್ಲಿರುವಾಗ ದಾರಿಯೇ ಹಿಗ್ಗುತ್ತದೆ, ಅದರೊಡನೆ ಬೆಳಕಿನ ಅಲೆಯೂ ಹಿಗ್ಗುತ್ತದೆ.

ಇದರ ಪರಿಣಾಮವನ್ನು ಜಿ.ಎನ್.-ಝಡ್ 11 ಎಂಬ ಗೆಲಕ್ಸಿಯಲ್ಲಿ ಕಾಣಬಹುದು. 2023ರಲ್ಲಿ ಪ್ರಕಟವಾದ ಜೇಮ್ಸ್ ವೆಬ್ ದೂರದರ್ಶಕದ ರೋಹಿತದಂತೆ ಅದರ ಪಲ್ಲಟ 10.6, ಎಂದರೆ ಪ್ರತಿ ಅಲೆಯೂ 11.6 ಪಟ್ಟು ಉದ್ದವಾಗಿದೆ. ಜಲಜನಕದ 121.6 ನ್ಯಾನೋಮೀಟರಿನ ಅತಿನೇರಳೆ ರೇಖೆಯ ಸ್ಥಾನ ಸುಮಾರು 1,410ಕ್ಕೆ, ಅವಕೆಂಪಿಗೆ, ಸರಿದಿದೆ. ಆ ಬೆಳಕು ಹೊರಟಾಗ ಗೆಲಕ್ಸಿಗೂ ನಮ್ಮ ನೆಲೆಗೂ ಇದ್ದ ಅಂತರ ಸುಮಾರು 270 ಕೋಟಿ ಜ್ಯೋತಿರ್ವರ್ಷ. ಪಯಣಕ್ಕೆ ಹಿಡಿದ ಕಾಲ ಮಾತ್ರ ಸುಮಾರು 1,340 ಕೋಟಿ ವರ್ಷ! ಆರಂಭದಲ್ಲಿ ಆಕಾಶದ ಹಿಗ್ಗುವಿಕೆ ಬೆಳಕಿನ ನಡಿಗೆಯನ್ನೂ ಮೀರಿದ್ದುದರಿಂದ, ಇತ್ತ ಹೊರಟ ಬೆಳಕು ಮೊದಲು ನಮ್ಮಿಂದ ದೂರವೇ ಹೋಯಿತು. ಇಂದು ಆ ಗೆಲಕ್ಸಿ 3,100 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆಗಿದೆ. ಹೀಗಾಗಿ ಪಯಣಕಾಲವನ್ನೇ ದೂರವೆಂದು ಬರೆಯುವ ರೂಢಿ ಹತ್ತಿರದ ಗೆಲಕ್ಸಿಗಳಿಗೆ ಸಲ್ಲಬಹುದು, ಇಂಥವುಗಳಿಗೆ ಸಲ್ಲದು. ಅಲ್ಲದೆ ನೇರವಾಗಿ ಅಳೆಯಲ್ಪಡುವುದು ಪಲ್ಲಟ ಮಾತ್ರ. ಕಾಲ ಮತ್ತು ದೂರಗಳೆರಡೂ ವಿಶ್ವದ ಹಿಗ್ಗುವಿಕೆಯ ಚರಿತ್ರೆಯನ್ನು ಊಹಿಸಿ ಕಟ್ಟಿದ ಲೆಕ್ಕದ ಫಲ.

ಪಾಗ್ಸನ್ನನ ಮದರಾಸು ವೀಕ್ಷಣಾಲಯದ ಪರಂಪರೆ ಕೊಡೈಕೆನಾಲಿನ ಮೂಲಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಬಂದಿದೆ. 1868ರ ಬೆಳಿಗ್ಗೆ ಬಿಜಾಪುರವನ್ನು ದಾಟಿದ ನೆರಳು ಕೆಲವೇ ನಿಮಿಷಗಳಲ್ಲಿ ಸುರಪುರದ ಬೆಟ್ಟಗಳ ಮೇಲೆ ಬಿದ್ದು, ಶಹಾಪುರ, ಯಾದಗಿರಿಗಳನ್ನು ಹಾದು ಪೂರ್ವಕ್ಕೆ ಸರಿಯಿತು.